ಸೆಗೋವಿಯಾಕ್ಕೆ ಎಂಟು ದಿನ

ಸೋರಿಯಾ, 10 ಜನವರಿ 1965

ಪ್ರಿಯ ಎಲಾಡಿಯೊ,

ಮೊದಲಿಗೆ ಒಂದು ತಿದ್ದುಪಡಿ. ನೀನು ಜರ್ಮನಿಗೆ ಹೋದ ಹದಿನಾಲ್ಕು ತಿಂಗಳಲ್ಲಿ ನನಗೆ ಮೂವತ್ತೊಂದು ಪತ್ರಗಳನ್ನು ಬರೆದಿರುವೆ. ಮೂವತ್ತೊಂದೂ ಒಂದೇ ವಾಕ್ಯದಿಂದ ಆರಂಭವಾಗುತ್ತವೆ: "ಈ ಕಾಗದ ಕೈಸೇರುವ ಹೊತ್ತಿಗೆ ನೀನು ಕ್ಷೇಮವಾಗಿರುವೆ ಎಂದು ನಂಬಿದ್ದೇನೆ, ದೇವರ ದಯೆಯಿಂದ ನಾನೂ ಕ್ಷೇಮ." ಸೈನ್ಯಕ್ಕೆ ಹೋದವರು, ಕಾರ್ಖಾನೆಗೆ ಹೋದವರು, ಎಲ್ಲರೂ ಬರೆಯುವ ವಾಕ್ಯ ಇದು. ನನ್ನ ತರಗತಿಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ. ನೀನು ಕ್ಷೇಮವಾಗಿರುವುದರಿಂದಲೇ ತಾನೆ ಬರೆಯುತ್ತಿರುವುದು? ಇನ್ನು ಮುಂದೆ ಆ ಜಾಗದಲ್ಲಿ ನನಗೆ ಗೊತ್ತಿಲ್ಲದ ಏನನ್ನಾದರೂ ಬರೆ.

ಈಗ ವಿಷಯಕ್ಕೆ ಬರುತ್ತೇನೆ. ಮದುವೆ ಆಗಸ್ಟ್ ಏಳು, ಶನಿವಾರ. ಒಂಬತ್ತನೆಯ ತಾರೀಕು ಸೋಮವಾರ ನಿಮ್ಮೂರು ವಾಲ್ದೆಕೊರ್ಸಾದಿಂದ ಹೊರಡುತ್ತೇವೆ. ನಿನ್ನ ರಜೆಯಲ್ಲಿ ಪ್ರಯಾಣಕ್ಕೆ ಹದಿನೇಳು ದಿನಗಳು ಉಳಿಯುತ್ತವೆ. ನಿಮ್ಮ ಮನೆತನದವರು ಕುರಿ ಹೊಡೆದುಕೊಂಡು ದಕ್ಷಿಣಕ್ಕೆ ಹೋಗುತ್ತಿದ್ದ ಹಳೆಯ ಹುಲ್ಲುದಾರಿಯಲ್ಲೇ ಸೆಗೋವಿಯಾದವರೆಗೆ ನಡೆಯುವುದು. ನೂರ ಎಪ್ಪತ್ತಾರು ಕಿಲೋಮೀಟರು, ದಿನಕ್ಕೆ ಇಪ್ಪತ್ತೆರಡರಂತೆ ಎಂಟು ದಿನ. ಸೆಗೋವಿಯಾದಲ್ಲಿ ರೋಮನರ ನೀರುಗಾಲುವೆಯ ಕಮಾನುಗಳು, ಅರಮನೆ. ಅಲ್ಲಿಂದ ಫುವೆನ್‌ಫ್ರಿಯಾ ಕಣಿವೆಬಾಯಿಯನ್ನು ಹತ್ತಿ ಬೆಟ್ಟದ ಆಚೆಗೆ ಇಳಿಯುವುದು. ಬಳಿಕ ರೈಲಿನಲ್ಲಿ ಮ್ಯಾಡ್ರಿಡ್, ಚಿತ್ರಶಾಲೆಗೆ ಎರಡು ದಿನ, ಕೊನೆಗೆ ತೊಲೇದೊ. ಸೈನ್ಯದವರ ಭೂಪಟಗಳನ್ನು ತರಿಸಿಕೊಂಡಿದ್ದೇನೆ. ಪ್ರತಿ ದಿನದ ಏರು, ಇಳಿವು, ನೀರಿನ ಜಾಗಗಳ ಪಟ್ಟಿಯನ್ನು ಲಗತ್ತಿಸಿದ್ದೇನೆ.

ಅಮ್ಮನಿಗೆ ಹೇಳಿದಾಗ ಹೊಲಿಗೆ ಯಂತ್ರ ನಿಲ್ಲಿಸಿ, "ಮದುವೆಯಾದೋರು ಸಮುದ್ರ ನೋಡೋಕೆ ಹೋಗ್ತಾರೆ ಕಣೇ. ನೀವು ಕುರಿ ಹಿಕ್ಕೆ ತುಳಿಯೋಕೆ ಹೊರಟಿದ್ದೀರ" ಎಂದಳು. ನಿನ್ನ ತಂದೆ ಮಾತ್ರ ಕ್ರಿಸ್ಮಸ್ಸಿಗೆ ತಮ್ಮ ಉಣ್ಣೆಯ ಕಂಬಳಿಯನ್ನು ನನಗೆ ಕೊಟ್ಟು, "ಇಬ್ಬರಿಗೆ ಸಾಕಾಗ್ತದೆ, ಜಗಳ ಆಡದಿದ್ರೆ" ಎಂದರು. ಅದರಲ್ಲಿ ಇನ್ನೂ ಹೊಗೆಯ ವಾಸನೆ ಇದೆ. ಅದನ್ನು ತೊಳೆದಿಲ್ಲ. ಯಾಕೆಂದು ಕೇಳಬೇಡ.

ನಿನ್ನ,
ಕಸಿಲ್ದಾ

---

ಹ್ಯಾನೋವರ್, 24 ಜನವರಿ 1965

ಮೇಷ್ಟ್ರಮ್ಮಾ,

ತಿದ್ದುಪಡಿ ತಲೆಮೇಲೆ ಇಟ್ಕೊಂಡಿದ್ದೀನಿ. ಇನ್ಮೇಲೆ ಕ್ಷೇಮ ಗಿಮ ಬರೆಯಲ್ಲ. ನಿನಗೆ ಗೊತ್ತಿಲ್ಲದ್ದು ಬೇಕಂದೆ, ತಗೋ: ನಮ್ಮ ಕೋಣೆಯಲ್ಲಿ ಎಂಟು ಜನ, ಒಂದು ಒಲೆ. ಭಾನುವಾರ ಬೆಳಿಗ್ಗೆ ಎಲ್ಲರೂ ಕ್ಷೌರ ಮಾಡ್ಕೊಂಡು, ಟೈ ಕಟ್ಕೊಂಡು ರೈಲ್ವೆ ಸ್ಟೇಷನ್ನಿಗೆ ಹೋಗ್ತೀವಿ. ಎಲ್ಲಿಗೂ ಹೋಗೋಕಲ್ಲ. ಸುಮ್ಮನೆ ನಿಂತಿರ್ತೀವಿ. ಊರಿನ ಕಡೆ ಹೋಗೋ ರೈಲು ಬಂದಾಗ ಯಾರೂ ಮಾತಾಡಲ್ಲ. ಅದು ಹೋದಮೇಲೆ ಎಲ್ಲರೂ ಒಟ್ಟಿಗೆ ಮಾತಾಡ್ತೀವಿ. ಜರ್ಮನಿಯವರಿಗೆ ನಾವು ಏನು ಕಾಯ್ತಾ ಇದ್ದೀವಿ ಅಂತ ಅರ್ಥವಾಗಲ್ಲ.

ನಿನ್ನ ಪಟ್ಟಿ ನೋಡಿದೆ. ಹುಡುಗರಿಗೆ ತೋರಿಸಿದೆ. ಗಲೀಸಿಯಾದ ಒಬ್ಬ ಕೇಳಿದ, "ನೀನು ಮದುವೆ ಆಗ್ತಿರೋದು ಹುಡುಗೀನೋ ಸೇನಾಪತೀನೋ?" ಅಂತ. ಅಲ್ಲ ಕಸಿಲ್ದಾ, ಈಗ ಕುರಿಗಳೇ ರೈಲಲ್ಲಿ ಹೋಗ್ತವೆ. ನಮ್ಮಪ್ಪನ ಕಾಲಕ್ಕೇ ಆ ದಾರಿ ಅರ್ಧ ಮುಚ್ಚಿತ್ತು. ಹನ್ನೊಂದು ವರ್ಷದವನಿದ್ದಾಗ ಅಪ್ಪನ ಜೊತೆ ಒಂದು ಸಲ ಆ ಬೆಟ್ಟದ ಬುಡದ ತನಕ ನಡೆದಿದ್ದೆ. ಆಗ ಸೆಗೋವಿಯಾ ದೂರದಿಂದ ನೋಡಿದ್ದು ಅಷ್ಟೆ, ಊರೊಳಗೆ ಮಂದೆ ಬಿಡಲ್ವಲ್ಲ. ಆವತ್ತು ಅಪ್ಪನಿಗೆ ಹೇಳಿದ್ದೆ, ಒಂದು ದಿನ ಕುರಿ ಇಲ್ಲದೆ ಬರ್ತೀನಿ ಅಂತ. "ಕುರಿ ಇಲ್ಲದೆ ಯಾರ ಜೊತೆ ಬರ್ತೀಯೋ?" ಅಂದಿದ್ದ.

ನೀನು ಬಿಳೀ ಬೂಟು ಹಾಕ್ಕೊಂಡು ಲೈಬ್ರರಿಗೆ ಹೋಗೋಳು. ಮೂರನೇ ದಿನ ಅಳ್ತೀಯ. ಆಗ ಹೊತ್ಕೊಂಡು ಹೋಗ್ತೀನಿ, ಭಯ ಬೀಳಬೇಡ. ಬೆಳಿಗ್ಗೆ ಬೆಳ್ಳುಳ್ಳಿ ಹಾಕಿ ಕುರಿಕೊಬ್ಬಲ್ಲಿ ಹಳೇ ಬ್ರೆಡ್ಡು ಹುರಿದು ಕೊಡ್ತೀನಿ. ಅದು ತಿಂದ್ರೆ ಪಾಸಾದಂಗೆ.

ಎಲಾಡಿಯೊ

---

ಸೋರಿಯಾ, 14 ಫೆಬ್ರವರಿ 1965

ಪ್ರಿಯ ಎಲಾಡಿಯೊ,

ನಾನು ಇಡೀ ಶಿಕ್ಷಕರ ಶಾಲೆಗೇ ಮೊದಲಿಗಳಾಗಿ ಉತ್ತೀರ್ಣಳಾದವಳು. ನಮ್ಮ ತಂಡದಲ್ಲಿ ನಗರದ ಶಾಲೆಯಲ್ಲೇ ಕೆಲಸ ಸಿಕ್ಕಿದ್ದು ನನಗೊಬ್ಬಳಿಗೆ. ಮೂರನೆಯ ದಿನ ಅಳುವವಳು ಯಾರೆಂದು ನೋಡೋಣ.

ಕಂದು ಬಣ್ಣದ, ದಪ್ಪ ಅಟ್ಟೆಯ ಬೂಟುಗಳನ್ನು ಕೊಂಡಿದ್ದೇನೆ. ಅಂಗಡಿಯವನು ಅವು ಗಂಡಸರದ್ದೆಂದು ಎರಡು ಸಲ ಹೇಳಿದ. ನಾನೂ ಎರಡು ಸಲ ಗೊತ್ತೆಂದು ಹೇಳಿದೆ. ಪ್ರತಿ ಗುರುವಾರ ಮಧ್ಯಾಹ್ನ ಚೀಲದಲ್ಲಿ ಎಂಟು ಕಿಲೋ ಪುಸ್ತಕಗಳನ್ನು ತುಂಬಿಕೊಂಡು ದುಯೆರೊ ನದಿಯ ದಂಡೆಯಲ್ಲಿ ಸಂತನ ಗುಹೆಯವರೆಗೆ ನಡೆದು, ಅಲ್ಲಿಂದ ಕೋಟೆಗುಡ್ಡವನ್ನು ಹತ್ತಿ ಇಳಿಯುತ್ತೇನೆ. ಮೊದಲ ವಾರ ಎರಡು ಗಂಟೆ ನಲವತ್ತು ನಿಮಿಷ. ಈಗ ಎರಡು ಗಂಟೆ ಐದು ನಿಮಿಷ.

ನದಿಯ ಬದಿಯ ಆ ಮರಗಳ ತೊಗಟೆಯ ಮೇಲೆ ಜೋಡಿಗಳು ಹೆಸರು ಕೆತ್ತುತ್ತಾರಲ್ಲ, ಅದನ್ನು ಅಸಂಸ್ಕೃತ ಪದ್ಧತಿ ಎಂದು ನಾನು ನಿನಗೆ ಹೇಳಿದ್ದೆ. ಈಗಲೂ ಹಾಗೆಯೇ ಅಂದುಕೊಂಡಿದ್ದೇನೆ. ಆದರೆ ಕಳೆದ ಗುರುವಾರ ಪ್ರತಿಯೊಂದು ಮರವನ್ನೂ ಓದುತ್ತ ಹೋದೆ, ನನಗೆ ಹೇಳದೆ ನೀನೇನಾದರೂ ಕೆತ್ತಿರಬಹುದೇ ಎಂದು. ಅದಕ್ಕಾಗಿ ಹನ್ನೆರಡು ನಿಮಿಷ ತಡವಾಯಿತು. ಆ ಹನ್ನೆರಡು ನಿಮಿಷಗಳನ್ನು ಲೆಕ್ಕದಲ್ಲಿ ಹಿಡಿದಿಲ್ಲ.

ಫುವೆನ್‌ಫ್ರಿಯಾದ ತುದಿಯಲ್ಲಿ ನಿಂತರೆ ಎರಡೂ ಕಡೆಯ ಸೀಮೆ ಕಾಣುತ್ತದಂತೆ. ಹಿಂದೆ ನಾವು ಬೆಳೆದ ನಾಡು, ಮುಂದೆ ನಾವಿಬ್ಬರೂ ನೋಡದ ನಾಡು. ಅಲ್ಲಿ ನಿಲ್ಲಬೇಕು. ಉಳಿದದ್ದೆಲ್ಲ ಬದಲಾಗಬಹುದು, ಅದೊಂದು ಬದಲಾಗಬಾರದು.

ನಿನ್ನ,
ಕಸಿಲ್ದಾ

---

ಹ್ಯಾನೋವರ್, 30 ಮಾರ್ಚ್ 1965

ಕಸಿಲ್ದಾ,

ನಿನ್ನ ಕಾಗದ ಸಿಕ್ಕಿತು, ಆಮೇಲೆ ಬಂದ ಮೂರೂ ಸಿಕ್ಕವು. ತಡವಾಯ್ತು. ಕೆಲಸ ಜಾಸ್ತಿ.

ದಾರಿ ಬಗ್ಗೆ ಯೋಚನೆ ಮಾಡ್ತಿದ್ದೆ. ಎಂಟು ದಿನ ನಡೆಯೋದು ಯಾಕೆ? ಸೋರಿಯಾದಿಂದ ಬಸ್ಸಿದೆ. ಸಾಯಂಕಾಲದೊಳಗೆ ಸೆಗೋವಿಯಾ. ಆ ಕಣಿವೆಬಾಯಿ ಹತ್ತೋದೂ ಬೇಡ, ಬೆಟ್ಟದ ಹೊಟ್ಟೆಯೊಳಗೇ ರೈಲು ಹೋಗ್ತದಲ್ಲ. ಸುರಂಗ ದಾಟಿದ್ರೆ ಆ ಕಡೆ. ಸೆಗೋವಿಯಾದಲ್ಲಿ ನೀರುಗಾಲುವೆ ಹತ್ರಾನೇ ಛತ್ರ ಹುಡುಕು. ನೆಲಮಟ್ಟದ ಕೋಣೆ ಇದೆಯಾ ಕೇಳಿ ನೋಡು.

ಇಲ್ಲಿ ಹಿಮ ಕರಗ್ತಾ ಇದೆ. ಕಿಟಕಿಯಿಂದ ಒಂದು ಮರ ಕಾಣ್ತದೆ. ಯಾವ ಮರ ಅಂತ ಯಾರಿಗೂ ಗೊತ್ತಿಲ್ಲ. ದಿನಾ ನೋಡ್ತೀನಿ.

ಎಲಾಡಿಯೊ

---

ಸೋರಿಯಾ, 8 ಏಪ್ರಿಲ್ 1965

ಎಲಾಡಿಯೊ,

ಆರು ವಾರಗಳ ಮೌನದ ನಂತರ ಅರ್ಧ ಪುಟ. ಅದೂ ಪೆನ್ಸಿಲ್ಲಿನಲ್ಲಿ, ಸಾಲುಗಳೆಲ್ಲ ಬಲಕ್ಕೆ ಇಳಿಯುತ್ತ ಹೋಗಿವೆ. ನನ್ನ ಎರಡನೆಯ ತರಗತಿಯವರು ಇದಕ್ಕಿಂತ ನೇರವಾಗಿ ಬರೆಯುತ್ತಾರೆ. ಕೆಲಸ ಹೆಚ್ಚೆನ್ನುವವನಿಗೆ ದಿನವೂ ಕಿಟಕಿಯ ಮರವನ್ನು ನೋಡಲು ಸಮಯವೆಲ್ಲಿಂದ?

ನಾನು ಸೋಲುತ್ತೇನೆಂದು ನೀನು ಭಾವಿಸಿರುವುದು ಸ್ಪಷ್ಟವಾಗಿದೆ. ಬಸ್ಸು ನನಗಾಗಿ, ಸುರಂಗ ನನಗಾಗಿ, ನೆಲಮಟ್ಟದ ಕೋಣೆಯೂ ನನಗಾಗಿ. ನಾಲ್ಕು ಮೆಟ್ಟಿಲು ಹತ್ತಲಾರದ ಹೆಂಡತಿಯನ್ನು ಕಟ್ಟಿಕೊಳ್ಳುತ್ತಿರುವೆಯೆಂಬ ಕರುಣೆ. ಆ ಕರುಣೆ ನನಗೆ ಬೇಕಾಗಿಲ್ಲ. ನೆಲಮಟ್ಟದ ಕೋಣೆಯ ಕಿಟಕಿಯಿಂದ ಕಾಣುವುದು ಕಮಾನಲ್ಲ, ಕತ್ತೆಗಳ ಕಾಲು. ನಾನು ಮೂರನೆಯ ಅಂತಸ್ತಿನಲ್ಲಿ ಕೋಣೆ ಕಾಯ್ದಿರಿಸಿದ್ದೇನೆ.

ಇದು ಕರುಣೆಯಲ್ಲದಿದ್ದರೆ ಉಳಿಯುವುದು ಒಂದೇ ಕಾರಣ: ಅಲ್ಲಿನ ಯಂತ್ರಗಳು ನಿನಗೆ ಹುಲ್ಲುದಾರಿಯನ್ನು ಮರೆಸಿವೆ. ಯಂತ್ರಗಳೋ, ಯಾರೋ. ಯಾವುದೆಂದು ನೀನೇ ಬರೆ.

ಕಸಿಲ್ದಾ ಅರ್ರಾನ್ಸ್

---

ಹ್ಯಾನೋವರ್, 2 ಮೇ 1965

ಕಸಿಲ್ದಾ,

ಯಾರೂ ಇಲ್ಲ. ಕರುಣೆನೂ ಅಲ್ಲ. ನಿನ್ನ ಕಂಡು ಕರುಣೆ ಪಡೋ ಧೈರ್ಯ ಯಾರಿಗಿದೆ?

ಈ ವರ್ಷ ರಜಾ ಸಿಗೋದು ಕಷ್ಟ ಅಂತಾರೆ. ಪ್ರಯಾಣ ಮುಂದಿನ ವರ್ಷಕ್ಕೆ ಇಟ್ಕೊಳ್ಳೋಣ. ಮದುವೆನೂ ಬೇಕಾದ್ರೆ ಮುಂದೆ ಹಾಕೋಣ. ನೀನು ನಗರದ ಶಾಲೆ ಮೇಷ್ಟ್ರಮ್ಮ, ನಿನ್ನ ಕೈ ಕೇಳೋರು ಬಹಳ ಜನ ಇರ್ತಾರೆ. ನೀನು ಕೊಟ್ಟ ಮಾತಿಗೆ ನಾನು ನಿನ್ನನ್ನ ಕಟ್ಟಿಹಾಕಿಲ್ಲ. ಅದು ತಿಳಿದಿರಲಿ.

ಮೂರನೇ ಅಂತಸ್ತಿನ ಕಿಟಕಿ ಚೆನ್ನಾಗಿರ್ತದೆ.

ಎಲಾಡಿಯೊ

---

ಸೋರಿಯಾ, 9 ಮೇ 1965

ಎಲಾಡಿಯೊ,

ಸರಿ. ಭೂಪಟಗಳನ್ನು ಮಡಿಸಿಟ್ಟಿದ್ದೇನೆ. ಕೋಣೆಯನ್ನು ರದ್ದುಪಡಿಸಿದ್ದೇನೆ. ಬೂಟುಗಳು ಮಾತ್ರ ಪಾದಕ್ಕೆ ಹೊಂದಿಕೊಂಡುಬಿಟ್ಟಿವೆ, ಅವುಗಳನ್ನು ಯಾರೂ ಹಿಂದಕ್ಕೆ ಪಡೆಯುವುದಿಲ್ಲ. ಆದ್ದರಿಂದ ಆಗಸ್ಟ್ ಒಂಬತ್ತರಂದು ನಾನೊಬ್ಬಳೇ ಹೊರಡುತ್ತೇನೆ, ಎಂಟು ದಿನಗಳಲ್ಲಿ ಸೆಗೋವಿಯಾ ತಲುಪುತ್ತೇನೆ. ನಿನ್ನ ತಂದೆಯ ಕಂಬಳಿಯನ್ನು ಶಾಲೆ ಮುಗಿದ ಕೂಡಲೇ ಅವರ ಮನೆಗೆ ಮುಟ್ಟಿಸುತ್ತೇನೆ. ಇದಕ್ಕೆ ಉತ್ತರ ಬರೆಯಬೇಕಾಗಿಲ್ಲ.

ಕಸಿಲ್ದಾ ಅರ್ರಾನ್ಸ್

---

ವಾಲ್ದೆಕೊರ್ಸಾ, 27 ಜೂನ್ 1965

ಎಲಾಡಿಯೊ,

ನಿಮ್ಮ ಮನೆಯ ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ನಿನ್ನೆ ಕಂಬಳಿಯನ್ನು ಹಿಂದಿರುಗಿಸಲು ಬಂದೆ. ಕೊಟ್ಟು, ಎರಡು ಒಳ್ಳೆಯ ಮಾತನಾಡಿ, ಸಂಜೆಯ ಬಸ್ಸಿಗೆ ಹೊರಡುವುದೆಂದು ತೀರ್ಮಾನಿಸಿದ್ದೆ. ಮಾತುಗಳನ್ನು ಬಸ್ಸಿನಲ್ಲೇ ಸಿದ್ಧಪಡಿಸಿಕೊಂಡಿದ್ದೆ.

ನಿನ್ನ ತಂದೆ ಹೊಸ್ತಿಲ ಬಳಿ ಕುಳಿತು ಓಕ್ ಮರದ ಕೋಲೊಂದನ್ನು ಗಾಜಿನ ಚೂರಿನಿಂದ ನಯಗೊಳಿಸುತ್ತಿದ್ದರು. ಕಂಬಳಿಯನ್ನು ನೋಡಿದರು, ನನ್ನ ಮುಖವನ್ನು ನೋಡಿದರು.

"ತೊಳೆದಿಲ್ಲವಲ್ಲ. ತೊಳೆದಿದ್ರೆ ವಾಪಸ್ ಕೊಡ್ತಿದ್ದೀಯ ಅಂದ್ಕೋತಿದ್ದೆ. ಕೂತ್ಕೋ."

ನಾನು ನಿಂತೇ ಇದ್ದೆ. ಆಗ ಅವರು ಕೋಲನ್ನು ನನ್ನತ್ತ ಚಾಚಿ, "ಮೇಷ್ಟ್ರಮ್ಮ, ನೀನು ಓದಿದೋಳು. ಇದೇನು ಹೇಳು" ಎಂದರು.

"ಕೋಲು ಮಾವ. ಕುರಿ ಕಾಯುವವರ ಕೋಲು."

"ತಪ್ಪು. ಸೊನ್ನೆ." ಗೋಡೆಗೆ ಒರಗಿದ್ದ ತಮ್ಮ ಕೋಲನ್ನು ತಂದು ಪಕ್ಕದಲ್ಲಿ ನಿಲ್ಲಿಸಿದರು. ಅದು ಅವರ ಭುಜದೆತ್ತರಕ್ಕೆ ಬಂತು. "ಕುರಿಯೋನ ಕೋಲು ಇಷ್ಟು. ನಿಂತಾಗ ಕಂಕುಳಿಗೆ ಕೊಟ್ಕೊಂಡು ಮಂದೆ ನೋಡ್ಬೇಕು. ಇದು ನೋಡು, ಸೊಂಟದ ತನಕ. ಇದರ ಮೇಲೆ ಒರಗಿ ಯಾರೂ ಕುರಿ ಕಾಯಲ್ಲ. ಇದನ್ನು ಊರಿ ನಡೀತಾರೆ."

ಒಳಗಿನಿಂದ ನಿನ್ನ ಪತ್ರವನ್ನು ತಂದರು. ಏಪ್ರಿಲ್ ಕೊನೆಯಲ್ಲಿ ಬಂದದ್ದು, ಅಂಚೆಯವನು ಓದಿ ಹೇಳಿದನಂತೆ. ಜರ್ಮನಿಯ ಮೇಸ್ತ್ರಿಯೊಬ್ಬರಿಗೆ ಉಡುಗೊರೆಯಾಗಿ ಒಂದು ಕೈಕೋಲು ಬೇಕು, ಅಳತೆಗೆ ದಾರ ಇಟ್ಟಿದ್ದೇನೆ ಎಂದು ನೀನು ಬರೆದಿದ್ದೆ. ಒಂದು ತುದಿಯಲ್ಲಿ ಗಂಟು ಹಾಕಿದ ದಾರ.

"ದಾರ ಕೈಯಲ್ಲಿ ಹಿಡಿದಾಗಲೇ ಅನುಮಾನ ಬಂತು," ಎಂದರು ನಿನ್ನ ತಂದೆ. "ಅವನ ಹಳೇ ಪ್ಯಾಂಟು ಆ ಗೂಟದಲ್ಲೇ ಇದೆ. ಹಿಡಿದು ನೋಡಿದೆ. ಅಂಚಿನಿಂದ ಜೇಬಿನ ಬಾಯಿಗೆ ಸರಿಯಾಗಿ ಬಂತು. ಒಂದು ಬೆರಳು ಹೆಚ್ಚಿಲ್ಲ, ಕಮ್ಮಿ ಇಲ್ಲ. ಆ ಮೇಸ್ತ್ರಿ ನನ್ನ ಮಗನ ಪ್ಯಾಂಟು ಹಾಕ್ತಾನೇನೋ ಅಂದ್ಕೊಂಡೆ." ಸ್ವಲ್ಪ ಹೊತ್ತು ಕೋಲನ್ನು ಉಜ್ಜಿದರು. "ನಿನಗೆ ಗೊತ್ತಿರ್ತದೆ ಅಂತ ಸುಮ್ಮನಿದ್ದೆ. ನಿನಗೆ ಹದಿನೈದು ದಿನಕ್ಕೊಂದು ಬರೀತಾನಲ್ಲ. ಯಾವ ಕಾಲು?"

ನನಗೆ ಉತ್ತರ ಗೊತ್ತಿರಲಿಲ್ಲ. ಪ್ರಶ್ನೆ ಕೇಳಿದಾಗ ಉತ್ತರ ತಿಳಿಯದೆ ನಿಂತದ್ದು ನನ್ನ ಜೀವನದಲ್ಲಿ ಇದೇ ಮೊದಲು.

ನಿನ್ನ ಕೊನೆಯ ಎರಡು ಪತ್ರಗಳು ನನ್ನ ಚೀಲದಲ್ಲಿದ್ದವು. ಮತ್ತೆ ಓದಿದೆ. ಪೆನ್ಸಿಲ್ಲು, ಏಕೆಂದರೆ ಮಲಗಿ ಬರೆಯುವವನಿಗೆ ಶಾಯಿ ಇಳಿಯುವುದಿಲ್ಲ. ಇಳಿಯುವ ಸಾಲುಗಳು. ದಿನವೂ ಕಾಣುವ ಒಂದೇ ಮರ. ಬಸ್ಸು, ಸುರಂಗ, ನೆಲಮಟ್ಟದ ಕೋಣೆ. ಎಲ್ಲವೂ ಬರೆದಿಟ್ಟಿತ್ತು. ನಾನು ಕೈಬರಹಕ್ಕೆ ಅಂಕ ಕೊಡುತ್ತಿದ್ದೆ. ಓದು ಬಾರದ ನಿನ್ನ ತಂದೆ ಒಂದು ದಾರವನ್ನು ಓದಿದರು.

ಇದಕ್ಕಿಂತ ಕಠಿಣವಾದದ್ದು ಇನ್ನೊಂದಿದೆ. ಕ್ಷೇಮವೆಂದು ಬರೆಯಬೇಡ ಎಂದವಳು ನಾನು. ಆ ವಾಕ್ಯ ಉಳಿದಿದ್ದರೆ ನೀನು ಅದನ್ನು ಬರೆಯಲೇಬೇಕಿತ್ತು, ಬರೆಯುವಾಗ ನಿನ್ನ ಕೈ ಒಮ್ಮೆ ತಡೆಯುತ್ತಿತ್ತು. ಸುಳ್ಳು ಬರೆಯುವ ಕಷ್ಟದಿಂದ ನಿನ್ನನ್ನು ನಾನೇ ಪಾರುಮಾಡಿದೆ.

ಕಂಬಳಿಯನ್ನು ಹಿಂದಿರುಗಿಸಿಲ್ಲ. ಆ ವಾಕ್ಯವನ್ನು ಮತ್ತೆ ಬರೆ. ಈ ಸಲ ನಿಜವಾಗಿ ಬರೆ.

ನಿನ್ನ,
ಕಸಿಲ್ದಾ

---

ಹ್ಯಾನೋವರ್, 6 ಜುಲೈ 1965

ಕಸಿಲ್ದಾ,

ಈ ಕಾಗದ ಕೈಸೇರುವ ಹೊತ್ತಿಗೆ ನೀನು ಕ್ಷೇಮವಾಗಿರುವೆ ಎಂದು ನಂಬಿದ್ದೇನೆ. ನಾನು ಕ್ಷೇಮ ಇಲ್ಲ.

ಎಡಗಾಲು. ಫೆಬ್ರವರಿ ಹತ್ತೊಂಬತ್ತು, ಶುಕ್ರವಾರ. ಕಾರ್ಖಾನೆಯಲ್ಲಿ ಟೈರಿನ ಅಚ್ಚು ಸರಪಳಿಯಿಂದ ಜಾರಿ ಪಾದದ ಮೇಲೆ ಬಿತ್ತು. ಮೂರು ಬೆರಳು ಹೋದವು. ಪಾದದ ಗಿಣ್ಣಿನ ಮೂಳೆ ಕೂಡಿದೆ, ಆದರೆ ಮಡಚಲ್ಲ. ಒಂಬತ್ತು ವಾರ ಆಸ್ಪತ್ರೆ. ಈಗ ಕೂತು ಮಾಡೋ ಕೆಲಸ ಕೊಟ್ಟಿದ್ದಾರೆ. ನಿನ್ನ ಫೆಬ್ರವರಿ ಕಾಗದ ಆಸ್ಪತ್ರೆಗೇ ತಂದುಕೊಟ್ರು. ಎರಡು ಗಂಟೆ ಐದು ನಿಮಿಷ ಅಂತ ಬರೆದಿದ್ದೆ. ಅದನ್ನ ಓದಿ ಗೋಡೆ ಕಡೆ ತಿರುಗಿ ಮಲಗಿದೆ.

ಹೆಂಗೆ ಬರೀಲಿ? ಹೊತ್ಕೊಂಡು ಹೋಗ್ತೀನಿ ಅಂದೋನು ನಾನು. ನೀನು ದಿನದಿನಾ ಚುರುಕಾಗ್ತಿದ್ದೆ. ನಾನು ಹಾಸಿಗೆಯಿಂದ ಬಾಗಿಲಿಗೆ ಹೋಗೋಕೆ ಕಲೀತಿದ್ದೆ. ಮರದಲ್ಲಿ ಹೆಸರು ಹುಡುಕಿದ್ಯಲ್ಲ, ಸೇತುವೆ ದಾಟಿ ಏಳನೇ ಮರ, ನದಿ ಕಡೆ ಮುಖ. ದಾರಿಯಿಂದ ಕಾಣಲ್ಲ. ನೀನು ಬಯ್ತೀಯ ಅಂತ ಆ ಕಡೆ ಕೆತ್ತಿದ್ದೆ.

ರಜಾ ಸಿಕ್ತದೆ. ಅದು ಸುಳ್ಳು ಹೇಳಿದ್ದೆ. ಬರ್ತೀನಿ, ನೀನು ಬೇಡ ಅನ್ನದಿದ್ರೆ. ಆದರೆ ಒಂದು ಮಾತು. ನೀನು ಹುಲ್ಲುದಾರಿಯಲ್ಲಿ ನಡೆದು ಬಾ. ನಾನು ಬಸ್ಸಲ್ಲಿ ಹೋಗಿ ಸೆಗೋವಿಯಾದಲ್ಲಿ ಕಾಯ್ತೀನಿ. ಕಮಾನಿನ ಕೆಳಗೆ ಕೂತಿರ್ತೀನಿ. ನೀನು ಬರೋದು ನೋಡ್ತೀನಿ. ನಾನು ನಡೆಯೋದು ನೀನು ನೋಡೋದು ಬೇಡ.

ಎಲಾಡಿಯೊ

---

ಸೋರಿಯಾ, 14 ಜುಲೈ 1965

ಪ್ರಿಯ ಎಲಾಡಿಯೊ,

ಈ ಕಾಗದ ಕೈಸೇರುವ ಹೊತ್ತಿಗೆ ನಿನ್ನ ನೋವು ಒಂದಿಷ್ಟು ಕಡಿಮೆಯಾಗಿರಲಿ. ನಾನು ಕ್ಷೇಮ.

ಏಳನೆಯ ಮರವನ್ನು ನೋಡಿದೆ. ನದಿಗೆ ಇಳಿದು, ಬೂಟುಗಳನ್ನು ನೆನೆಸಿಕೊಂಡು ನೋಡಬೇಕಾಯಿತು. ನನ್ನ ಹೆಸರಿನ ಮೊದಲಕ್ಷರವನ್ನು ಓರೆಯಾಗಿ ಕೆತ್ತಿರುವೆ. ತಿದ್ದಲಿಲ್ಲ.

ನಿನ್ನ ಸಲಹೆಯನ್ನು ತಿರಸ್ಕರಿಸಲಾಗಿದೆ.

ನಿನ್ನ ತಂದೆಯ ಬಳಿ ನಾಲ್ಕು ದಿನ ಉಳಿದೆ. ಭೂಪಟಗಳನ್ನು ಹಾಸಿ, ನನ್ನ ಎಂಟು ದಿನಗಳ ನಿಲುಗಡೆಗಳನ್ನು ಓದಿ ಹೇಳಿದೆ. ಅವರು ಪ್ರತಿಯೊಂದಕ್ಕೂ ತಲೆಯಾಡಿಸುತ್ತ, "ನೀನು ಊರಿಂದ ಊರಿಗೆ ಅಳೆದಿದ್ದೀಯ. ಮಂದೆಗೆ ಊರು ಯಾಕೆ? ಮಂದೆಗೆ ಬೇಕಾಗಿರೋದು ಮಲಗೋ ಜಾಗ" ಎಂದರು. ಆ ದಾರಿಯ ಉದ್ದಕ್ಕೂ ಕುರಿಗಳು ತಂಗಲೆಂದೇ ಬಿಟ್ಟ ಬಯಲುಗಳಿವೆ. ಯಾವ ಭೂಪಟದಲ್ಲೂ ಅವುಗಳ ಹೆಸರಿಲ್ಲ. ನಿನ್ನ ತಂದೆ ಕಣ್ಣು ಮುಚ್ಚಿ ನಲವತ್ತನಾಲ್ಕನ್ನು ಹೇಳಿದರು, ನಾನು ಬರೆದುಕೊಂಡೆ. ಒಂದರಿಂದ ಇನ್ನೊಂದಕ್ಕೆ ಒಂದು ಹರದಾರಿಗೂ ಕಡಿಮೆ. ನೀರು ಹತ್ತಿರ, ನೆರಳೂ ಹತ್ತಿರ.

ಕುಂಟುವ ಕುರಿಯನ್ನು ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಹಿಂದೆ ಬಿಡುತ್ತಿದ್ದಿರಾ, ಹೊರುತ್ತಿದ್ದಿರಾ?

"ಹಿಂದೆ ಬಿಟ್ರೆ ತೋಳಕ್ಕೆ ಕೊಟ್ಟಂಗೆ. ಹೊತ್ರೆ ನಾಚ್ಕೊಂಡು ಮೇವು ಬಿಡ್ತದೆ," ಎಂದರು. "ಎಲ್ಲದಕ್ಕಿಂತ ಮುಂದೆ ಬಿಡ್ತಿದ್ವಿ. ಅದರ ಹೆಜ್ಜೆಗೇ ಇಡೀ ಮಂದೆ ನಡೀತಿತ್ತು. ಯಾವ ಕುರಿಗೂ ತಾನು ನಿಧಾನ ಹೋಗ್ತಿದ್ದೀನಿ ಅನ್ನಿಸ್ತಿರಲಿಲ್ಲ."

ಮರುದಿನ ಎಡ ಬೂಟಿನೊಳಗೆ ಸಿಪ್ಪೆ ಸಹಿತ ಬಾದಾಮಿಯಷ್ಟು ದೊಡ್ಡ ಕಲ್ಲೊಂದನ್ನು ಹಾಕಿಕೊಂಡು, ನಿನ್ನ ಕೋಲನ್ನು ಊರಿಕೊಂಡು, ಮೊದಲ ತಂಗುತಾಣದವರೆಗೆ ನಡೆದೆ. ನಿನ್ನ ನೋವು ಅದಲ್ಲವೆಂದು ಗೊತ್ತು. ನನಗೆ ಬೇಕಾಗಿದ್ದದ್ದು ಎಲ್ಲಿ ಕುಳಿತುಕೊಳ್ಳಬೇಕೆನಿಸುತ್ತದೆ ಎಂಬ ಮಾಹಿತಿ. ಆರು ಕಡೆ ಅನಿಸಿತು. ಆರರಲ್ಲಿ ಐದು ಕಡೆ ಆಗಲೇ ಒಂದೊಂದು ಚಪ್ಪಟೆ ಕಲ್ಲಿತ್ತು, ಯಾರೋ ನಮಗಿಂತ ಬಹಳ ಮೊದಲೇ ಕುಳಿತು ಎದ್ದು ನಯವಾದ ಕಲ್ಲು. ಆರನೆಯ ಕಡೆಗೆ ನಿನ್ನ ತಂದೆಯೂ ನಾನೂ ಸೇರಿ ಒಂದನ್ನು ಉರುಳಿಸಿ ತಂದಿದ್ದೇವೆ. ಮೂರನೆಯ ಕಲ್ಲಿನ ಮೇಲೆ ಕುಳಿತಾಗ ಅತ್ತೆ. ಮೂರನೆಯ ದಿನ ಅಳುತ್ತೇನೆಂದು ನೀನು ಹೇಳಿದ್ದೆ, ಮೊದಲ ದಿನವೇ ಆಯಿತು. ನೀನು ಗೆದ್ದೆ.

ಪರಿಷ್ಕೃತ ಯೋಜನೆ ಹೀಗಿದೆ. ಮದುವೆ ಆಗಸ್ಟ್ ಏಳಕ್ಕೇ. ಒಂಬತ್ತರಂದು ಹೊರಡುತ್ತೇವೆ. ದಿನಕ್ಕೆ ನಾಲ್ಕು ಕಿಲೋಮೀಟರು, ಭಾನುವಾರಗಳಂದು ವಿಶ್ರಾಂತಿ. ಹದಿನೇಳು ದಿನಗಳಲ್ಲಿ ಎರಡು ಭಾನುವಾರ ಕಳೆದರೆ ಹದಿನೈದು, ಅಂದರೆ ಅರವತ್ತು ಕಿಲೋಮೀಟರು. ತಂಗುತಾಣದಲ್ಲಿ ಕಂಬಳಿ ಹಾಸಿದರೆ ಮೆಟ್ಟಿಲೂ ಇಲ್ಲ, ಅಂತಸ್ತೂ ಇಲ್ಲ. ಈ ವರ್ಷ ಸೆಗೋವಿಯಾ ಬರುವುದಿಲ್ಲ. ಎಲ್ಲಿ ನಿಂತೆವೋ ಅಲ್ಲೊಂದು ಕಲ್ಲು ನಿಲ್ಲಿಸಿ, ಮುಂದಿನ ಬೇಸಿಗೆಯಲ್ಲಿ ಅಲ್ಲಿಂದಲೇ ಹೊರಡುವುದು. ಈ ಲೆಕ್ಕದಲ್ಲಿ ಸೆಗೋವಿಯಾ ತಲುಪುವುದು 1967ರ ಆಗಸ್ಟಿನಲ್ಲಿ, ಆ ಬೇಸಿಗೆಯ ಹದಿನಾಲ್ಕನೆಯ ನಡಿಗೆಯ ದಿನ. ಕಮಾನುಗಳು ಹತ್ತೊಂಬತ್ತು ಶತಮಾನಗಳಿಂದ ನಿಂತಿವೆ, ಇನ್ನೆರಡು ವರ್ಷ ನಿಂತಿರುತ್ತವೆ. ಏರುದಾರಿಯಲ್ಲಿ ದಿನಕ್ಕೆ ಎರಡೇ ಕಿಲೋಮೀಟರು ಹಿಡಿದಿದ್ದೇನೆ, ಆದ್ದರಿಂದ ಫುವೆನ್‌ಫ್ರಿಯಾದ ತುದಿ 1968ಕ್ಕೆ. ಮ್ಯಾಡ್ರಿಡ್, ತೊಲೇದೊಗಳನ್ನು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ನಮಗೆ ಎಷ್ಟು ಬೇಸಿಗೆಗಳು ಬೇಕಾಗುತ್ತವೆ ಎಂದು ನೋಡಿದಾಗ, ಲೆಕ್ಕವನ್ನು ಅಲ್ಲಿಗೇ ನಿಲ್ಲಿಸುವುದು ಹಿತವೆನಿಸಿತು.

ಒಂದು ನಿಯಮ. ನಾನು ಚಿಕ್ಕಂದಿನಿಂದ ಸಾಲಿನಲ್ಲಿ ಮೊದಲು ನಿಂತವಳು, ಬೇರೆ ಜಾಗ ನನಗೆ ಅಭ್ಯಾಸವಿಲ್ಲ. ಒಂಬತ್ತರ ಬೆಳಿಗ್ಗೆ ನಿಮ್ಮ ಮನೆಯ ಹೊಸ್ತಿಲು ದಾಟುವಾಗ ನೀನು ಮುಂದೆ ನಡೆಯಬೇಕು. ನಾನು ನಿನ್ನ ಹಿಂದೆ ಬರುತ್ತೇನೆ.

ನಿನ್ನ,
ಕಸಿಲ್ದಾ